ಬೀಗ ಊರಿಗೆಲ್ಲ, ಕೀಲಿ ಒಬ್ಬರಿಗೆ

ಕಳೆದ ವರ್ಷ ಧಾರವಾಡದ ನಮ್ಮ ಮನೆ ಮಾರುವ ಮಾತುಕತೆ ನಡೆದಿತ್ತು. ನಾನು ಪುಣೆಯಲ್ಲಿ, ಅಕ್ಕ ಚೆನ್ನೈಯಲ್ಲಿ, ವಕೀಲರು ಹುಬ್ಬಳ್ಳಿಯಲ್ಲಿ. ಖಾತೆ ಉತಾರ, ಪ್ಯಾನ್ ಕಾರ್ಡು, ಅಪ್ಪನ ಮರಣಪತ್ರ, ಬ್ಯಾಂಕಿನ ವಿವರ ಎಲ್ಲವೂ ಈಮೇಲಿನಲ್ಲೇ ಓಡಾಡುತ್ತಿದ್ದವು. ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು.

"ಏನೋ, ರಿಜಿಸ್ಟ್ರೇಶನ್ ರೊಕ್ಕ ಬ್ಯಾರೆ ಅಕೌಂಟಿಗೆ ಹಾಕು ಅಂತ ಮೇಲ್ ಮಾಡೀಯೇನು?"

"ಇಲ್ಲಲ್ಲಕ್ಕಾ."

"ನನಗ ಆಗಲೇ ಗೊತ್ತಾತು. ನೀ ನನಗ ಯಾವಾಗ ಇಂಗ್ಲಿಷಿನೊಳಗ ಬರದೀ?"

ಕಳಿಸಿದವರ ಹೆಸರಿನ ಜಾಗದಲ್ಲಿ ನನ್ನದೇ ಹೆಸರಿತ್ತು. ವಿಳಾಸದಲ್ಲಿ ಮಾತ್ರ ಒಂದು ಅಕ್ಷರ ಹೆಚ್ಚು. ಮನೆ ಮಾರಾಟದ ಸುದ್ದಿ, ಮುಂಗಡದ ಮೊತ್ತ, ಅಕ್ಕನ ಪಾಲು ಎಲ್ಲವೂ ಆ ಕಳ್ಳನಿಗೆ ಗೊತ್ತಿತ್ತು. ಯಾರ ಅಂಚೆಪೆಟ್ಟಿಗೆ ತೆರೆದು ಬಿದ್ದಿತ್ತೋ, ಕೊನೆಗೂ ತಿಳಿಯಲಿಲ್ಲ. ಅಕ್ಕನ ಹಣ ಉಳಿಸಿದ್ದು ಯಾವ ತಂತ್ರಜ್ಞಾನವೂ ಅಲ್ಲ. ನಮ್ಮಿಬ್ಬರ ನಡುವಿನ ಕನ್ನಡವೇ ನನ್ನ ರುಜುವಾಗಿ ಕೆಲಸ ಮಾಡಿತು.

ಆ ಭಾನುವಾರ ನಾವಿಬ್ಬರೂ ಫೋನು ಹಿಡಿದು ಕೂತು, ನಮ್ಮ ಕಂಪ್ಯೂಟರುಗಳ ಥಂಡರ್‌ಬರ್ಡ್ ಮೇಲ್ ತಂತ್ರಾಂಶದಲ್ಲಿ ಸಹಿ ಹಾಕುವ, ಗೂಢಲಿಪಿಯಲ್ಲಿ ಕಳಿಸುವ ವ್ಯವಸ್ಥೆ ಮಾಡಿಕೊಂಡೆವು. ಇಡೀ ಮಧ್ಯಾಹ್ನ ಹೋಯಿತು. ಇದರ ಗಣಿತ ಸಿದ್ಧವಾಗಿ ಐವತ್ತು ವರ್ಷವಾಗುತ್ತ ಬಂತು. ತಂತ್ರಾಂಶ ಪುಕ್ಕಟೆ. ಆದರೂ ನಿಮ್ಮ ಇನ್‌ಬಾಕ್ಸಿನಲ್ಲಿ ಹೀಗೆ ಸಹಿ ಮಾಡಿದ ಮೇಲ್ ಎಷ್ಟಿವೆ, ಒಮ್ಮೆ ನೋಡಿ. ಈ ಬರಹವೂ ನಿಮಗೆ ಅಂಚೆ ಕಾರ್ಡಿನ ಹಾಗೆಯೇ ತಲುಪಿದೆ. ದಾರಿಯಲ್ಲಿ ಸರ್ವರಿನಿಂದ ಸರ್ವರಿಗೆ ಹೋಗುವಾಗ ಇತ್ತೀಚೆಗೆ ಬಹುಪಾಲು ಮುಚ್ಚಿದ ಚೀಲದಲ್ಲೇ ಹೋಗುತ್ತದೆ, ನಿಜ. ಆದರೆ ಪ್ರತಿ ಠಾಣೆಯಲ್ಲೂ ಚೀಲ ಬಿಚ್ಚುತ್ತಾರೆ, ಕಾರ್ಡು ಓದುವ ಹಾಗೇ ಇರುತ್ತದೆ. ಹೀಗೇಕೆ ಉಳಿಯಿತು ಎಂಬುದು ನನ್ನನ್ನು ಆ ಮಧ್ಯಾಹ್ನದಿಂದ ಕಾಡುತ್ತಿದೆ.

ರುಜುವಿನ ಸಮಸ್ಯೆ ನಮಗೆ ಹೊಸದಲ್ಲ. ವಿಜಯನಗರದ ಸಂಗಮ ವಂಶದ ಎಷ್ಟೋ ತಾಮ್ರಪಟಗಳಲ್ಲಿ ಪಾಠವೆಲ್ಲ ಸಂಸ್ಕೃತದಲ್ಲಿ, ನಾಗರಿ ಲಿಪಿಯಲ್ಲಿದ್ದರೂ ಕೊನೆಯ 'ಶ್ರೀ ವಿರೂಪಾಕ್ಷ' ಎಂಬ ಅಂಕಿತ ಮಾತ್ರ ಕನ್ನಡ ಲಿಪಿಯಲ್ಲಿರುತ್ತದೆ. ಅದು ಅರಸನ ರುಜು. ಆದರೆ ಕಣ್ಣಿಗೆ ಕಾಣುವ ಮುದ್ರೆಯನ್ನು ಕೈಚಳಕವಿದ್ದವನು ಕೆತ್ತಬಲ್ಲ. ಗಂಗರ ಹೆಸರಿನ ಹಲವು ತಾಮ್ರಪಟಗಳು ಕೂಟಶಾಸನಗಳು ಎಂದು ಜೆ. ಎಫ್. ಫ್ಲೀಟ್ ವಾದಿಸಿದರು, ಬಿ. ಎಲ್. ರೈಸ್ ಒಪ್ಪಲಿಲ್ಲ. ಇಬ್ಬರು ದೊಡ್ಡ ವಿದ್ವಾಂಸರು ಅಸಲು ಯಾವುದು, ನಕಲು ಯಾವುದು ಎಂದು ವರ್ಷಗಟ್ಟಲೆ ಜಗಳವಾಡಿದರು. ಎಲ್ಲರೂ ಪರೀಕ್ಷಿಸಬಹುದಾದ, ಆದರೆ ಒಬ್ಬನೇ ಒತ್ತಬಹುದಾದ ಮುದ್ರೆ ಸಾಧ್ಯವೇ? ಅಷ್ಟೇ ಅಲ್ಲ, ಪತ್ರದ ಒಂದು ಅಕ್ಷರ ತಿದ್ದಿದರೂ ತಾನೇ ಒಡೆದುಹೋಗುವ ಮುದ್ರೆ?

ಸಾಧ್ಯ ಎಂದು 1976ರ ನವೆಂಬರಿನಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಬರೆದರು. ಅಲ್ಲಿಯವರೆಗೆ ಗೂಢಲಿಪಿ ಎಂದರೆ ಇಬ್ಬರ ಬಳಿಯೂ ಒಂದೇ ಕೀಲಿ ಇರಬೇಕಿತ್ತು. ಆ ಕೀಲಿಯನ್ನು ಮೊದಲು ತಲುಪಿಸುವುದು ಹೇಗೆ? ರಾಯಭಾರಿಗಳು ಚೀಲದಲ್ಲಿ ಹೊತ್ತು ಒಯ್ಯುತ್ತಿದ್ದರು. ಸಾಮಾನ್ಯರಿಗೆ ರಾಯಭಾರಿ ಎಲ್ಲಿಂದ ಬರಬೇಕು? ಡಿಫಿ ಯಾವ ಸರಕಾರದ ಕೆಲಸದಲ್ಲೂ ಇಲ್ಲದೆ, ಗೂಢಲಿಪಿ ಬಲ್ಲವರನ್ನು ಹುಡುಕುತ್ತ ಕಾರಿನಲ್ಲಿ ಅಮೆರಿಕವೆಲ್ಲ ಸುತ್ತಿದ ಮನುಷ್ಯ. ಅವರಿಬ್ಬರ ಯೋಚನೆ ಸರಳ: ಕೀಲಿಯನ್ನು ಎರಡು ಭಾಗ ಮಾಡಿ. ಒಂದನ್ನು ಊರಿಗೆಲ್ಲ ಹಂಚಿ, ಇನ್ನೊಂದನ್ನು ಯಾರಿಗೂ ಕೊಡಬೇಡಿ.

ನಾನು ಅಕ್ಕನಿಗೆ ಹೇಳಿದ್ದು ಹೀಗೆ. ನೀನು ಸಾವಿರ ಬೀಗ ಮಾಡಿಸಿ, ಬಾಯಿ ತೆರೆದ ಹಾಗೇ ಎಲ್ಲರಿಗೂ ಹಂಚು. ಕೀಲಿ ಮಾತ್ರ ಒಂದೇ, ಅದು ನಿನ್ನ ಸೊಂಟದಲ್ಲಿ. ನನಗೆ ಗುಟ್ಟು ಹೇಳಬೇಕಾದರೆ ಪೆಟ್ಟಿಗೆಯಲ್ಲಿಟ್ಟು ನಿನ್ನ ಬೀಗವನ್ನು ಒತ್ತಿ ಹಾಕುತ್ತೇನೆ. ಹಾಕಿದ ಮೇಲೆ ನಾನೂ ತೆಗೆಯಲಾರೆ. ಸಹಿ ಇದರ ತಿರುಗುಮುರುಗು. ನನ್ನ ಗುಟ್ಟಿನ ಕೀಲಿಯಿಂದ ಪತ್ರಕ್ಕೆ ಮುದ್ರೆ ಒತ್ತುತ್ತೇನೆ, ನಾನು ಹಂಚಿದ ಸಾರ್ವಜನಿಕ ಕೀಲಿ ಇದ್ದವರೆಲ್ಲ ಅದನ್ನು ಪರೀಕ್ಷಿಸಬಹುದು. ಆ ಮುದ್ರೆಯಲ್ಲಿ ಪತ್ರದ ಪ್ರತಿ ಅಕ್ಷರವೂ ಅರೆದು ಬೆರೆತಿರುತ್ತದೆ, ಹಾಗಾಗಿ ಬ್ಯಾಂಕ್ ಖಾತೆಯ ಒಂದು ಅಂಕಿ ಬದಲಿಸಿದರೂ ತಾಳೆಯಾಗುವುದಿಲ್ಲ.

ಇದನ್ನು ನಿಜವಾಗಿ ಮಾಡುವ ಲೆಕ್ಕವನ್ನು ಮರುವರ್ಷ ಎಂಐಟಿಯ ರಿವೆಸ್ಟ್, ಶಮೀರ್, ಏಡಲ್‌ಮನ್ ಕೊಟ್ಟರು. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧ ಮಾತ್ರ ಕೊಟ್ಟು ಮೂಲ ಎರಡನ್ನು ಹುಡುಕು ಎಂದರೆ ಕಷ್ಟ. ಮೂವರ ಹೆಸರಿನ ಮೊದಲಕ್ಷರ ಸೇರಿ ಅದಕ್ಕೆ ಆರ್‌ಎಸ್‌ಎ ಎಂದು ಹೆಸರಾಯಿತು. 1977ರ ಆಗಸ್ಟಿನಲ್ಲಿ ಮಾರ್ಟಿನ್ ಗಾರ್ಡ್‌ನರ್ ತಮ್ಮ ಪ್ರಸಿದ್ಧ ಗಣಿತ ಅಂಕಣದಲ್ಲಿ ಇದನ್ನು ಜನರ ಮುಂದಿಟ್ಟರು. ಜೊತೆಗೆ 129 ಅಂಕಿಗಳ ಒಂದು ಸಂಖ್ಯೆಯನ್ನೂ, ಅದನ್ನು ಒಡೆದವರಿಗೆ 100 ಡಾಲರ್ ಬಹುಮಾನವನ್ನೂ. ಕೋಟ್ಯಂತರ ವರ್ಷ ಬೇಕಾದೀತು ಎಂಬ ಅಂದಾಜಿತ್ತು. 1994ರ ಏಪ್ರಿಲಿನಲ್ಲಿ ಇಂಟರ್ನೆಟ್ಟಿನ ಮೂಲಕ ನೂರಾರು ಜನ ತಮ್ಮ ಕಂಪ್ಯೂಟರುಗಳನ್ನು ಸೇರಿಸಿ ಅದನ್ನು ಒಡೆದೇಬಿಟ್ಟರು. ಹದಿನೇಳು ವರ್ಷ! ಉಪಾಯವೇನೂ ಸುಳ್ಳಾಗಲಿಲ್ಲ, ಸಂಖ್ಯೆ ಚಿಕ್ಕದಾಯಿತು ಅಷ್ಟೆ. ಇಂದು ಥಂಡರ್‌ಬರ್ಡ್ ತಾನಾಗಿ ಮಾಡಿಕೊಡುವ ಆರ್‌ಎಸ್‌ಎ ಕೀಲಿ 3072 ಬಿಟ್ಟಿನದು, ಅಂದರೆ ಒಂಬೈನೂರಕ್ಕೂ ಹೆಚ್ಚು ಅಂಕಿಗಳ ಸಂಖ್ಯೆ.

ಇಲ್ಲಿ ಒಂದು ಉಪಕಥೆ. ಇದೆಲ್ಲವನ್ನೂ ಬ್ರಿಟನ್ನಿನ ಗೂಢಚಾರ ಸಂಸ್ಥೆ ಜಿಸಿಎಚ್‌ಕ್ಯೂನಲ್ಲಿ ಜೇಮ್ಸ್ ಎಲಿಸ್ 1970ರಲ್ಲೇ ಊಹಿಸಿದ್ದರು. 1973ರಲ್ಲಿ ಕ್ಲಿಫರ್ಡ್ ಕಾಕ್ಸ್ ಹೆಚ್ಚುಕಡಿಮೆ ಅದೇ ಲೆಕ್ಕ ಹಾಕಿದ್ದರು. ಎಲ್ಲ ಗುಟ್ಟಾಗಿಯೇ ಉಳಿಯಿತು. 1997ರ ಡಿಸೆಂಬರಿನಲ್ಲಿ ಸಂಸ್ಥೆ ಇದನ್ನು ಬಹಿರಂಗಪಡಿಸುವ ಹೊತ್ತಿಗೆ ಎಲಿಸ್ ತೀರಿಕೊಂಡು ತಿಂಗಳೂ ಆಗಿರಲಿಲ್ಲ.

ಗಣಿತ ಬಂದಮೇಲೂ ಹದಿನಾಲ್ಕು ವರ್ಷ ಅದು ದೊಡ್ಡವರ ಸೊತ್ತಾಗಿಯೇ ಇತ್ತು. ಮನೆಯ ಕಂಪ್ಯೂಟರಿಗೆ ಅದನ್ನು ಇಳಿಸಿದವರು ಕೊಲರಾಡೊದ ಬೋಲ್ಡರ್ ಊರಿನ ಫಿಲ್ ಜಿಮ್ಮರ್‌ಮನ್. ಅಣ್ವಸ್ತ್ರ ವಿರೋಧಿ ಚಳವಳಿಯಲ್ಲಿದ್ದವರು, ಪ್ರತಿಭಟನೆಯಲ್ಲಿ ಬಂಧನಕ್ಕೂ ಒಳಗಾದವರು. ಸರಕಾರವನ್ನು ವಿರೋಧಿಸುವವರಿಗೆ ಮುಚ್ಚಿದ ಲಕೋಟೆ ಬೇಕು ಎಂಬುದು ಅವರಿಗೆ ಪುಸ್ತಕದ ಮಾತಾಗಿರಲಿಲ್ಲ. 1991ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ 266ನೇ ಸಂಖ್ಯೆಯ ಮಸೂದೆ ಬಂತು. ಸಂವಹನ ಸೇವೆ ಕೊಡುವವರು ಸರಕಾರ ಕೇಳಿದಾಗ ಜನರ ಮಾತನ್ನು ಬಿಡಿಸಿ ಕೊಡುವಂತಿರಬೇಕು ಎಂಬ ಒಂದು ವಾಕ್ಯ ಅದರಲ್ಲಿತ್ತು. ಆ ವಾಕ್ಯ ಕಾನೂನಾಗುವ ಮೊದಲೇ ತಂತ್ರಾಂಶ ಜನರ ಕೈಸೇರಬೇಕು ಎಂದು ಜಿಮ್ಮರ್‌ಮನ್ ಹಗಲು ರಾತ್ರಿ ಕೂತರು. ಬೇರೆ ಕೆಲಸ ಬಿಟ್ಟರು, ಮನೆಸಾಲದ ಐದು ಕಂತು ತಪ್ಪಿದವು. ಜೂನಿನಲ್ಲಿ ತಂತ್ರಾಂಶ ಸಿದ್ಧವಾಯಿತು, ಹೆಸರು 'ಪ್ರೆಟಿ ಗುಡ್ ಪ್ರೈವಸಿ', ಚಿಕ್ಕದಾಗಿ ಪಿಜಿಪಿ. 'ಪರವಾಗಿಲ್ಲ ಅನ್ನುವಷ್ಟು ಗುಟ್ಟು' ಎಂದು ಹೇಳಿದ ಹಾಗೆ. ರೇಡಿಯೋ ಹಾಸ್ಯ ಕಾರ್ಯಕ್ರಮವೊಂದರ ಕಿರಾಣಿ ಅಂಗಡಿಯಿಂದ ಕಡ ತಂದ ಹೆಸರು ಅದು. ಅವರ ಗೆಳೆಯರೊಬ್ಬರು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಒಂದು ಸಾರ್ವಜನಿಕ ಫೋನಿನಿಂದ ಇನ್ನೊಂದಕ್ಕೆ ಅಲೆಯುತ್ತ ಅದನ್ನು ಜಾಲಕ್ಕೆ ಏರಿಸಿದರಂತೆ. ಮಸೂದೆಯ ಆ ವಾಕ್ಯ ಕೊನೆಗೆ ಬಿದ್ದುಹೋಯಿತು. ತಂತ್ರಾಂಶ ಮಾತ್ರ ದೇಶ ದಾಟಿ ಹೋಗಿತ್ತು.

ಮೊದಲ ಆವೃತ್ತಿ ಅಷ್ಟೇನೂ ಗಟ್ಟಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಆರ್‌ಎಸ್‌ಎ ಜೊತೆಗೆ ಬಳಸಲು ಜಿಮ್ಮರ್‌ಮನ್ ತಾವೇ ಒಂದು ಗೂಢಲಿಪಿ ಹೆಣೆದಿದ್ದರು. ಅದೇ ವರ್ಷದ ಸಮ್ಮೇಳನವೊಂದರಲ್ಲಿ ಇಸ್ರೇಲಿನ ಎಲಿ ಬಿಹಾಮ್ ಅದರ ದೌರ್ಬಲ್ಯಗಳನ್ನು ತೋರಿಸಿಕೊಟ್ಟರು. 1992ರ ಎರಡನೇ ಆವೃತ್ತಿಯಲ್ಲಿ ಸ್ವಿಟ್ಜರ್ಲೆಂಡಿನ ಐಡಿಯಾ ಎಂಬ ಗೂಢಲಿಪಿ ಅದರ ಜಾಗಕ್ಕೆ ಬಂತು. ತಪ್ಪೊಪ್ಪಿ ತಿದ್ದಿಕೊಂಡ ಈ ನಡತೆ ನನಗೆ ಪಿಜಿಪಿಯ ಮೇಲೆ ಹೆಚ್ಚು ನಂಬಿಕೆ ತರಿಸುತ್ತದೆ.

ಆಮೇಲೆ ಬಂದದ್ದು ಕಷ್ಟಕಾಲ. ಅಮೆರಿಕದ ಕಾನೂನಿನಲ್ಲಿ ಬಲವಾದ ಗೂಢಲಿಪಿ ತೋಪು ಗುಂಡುಗಳ ಸಾಲಿನ ಯುದ್ಧೋಪಕರಣ. ಪರವಾನಗಿ ಇಲ್ಲದೆ ರಫ್ತು ಮಾಡಿದರೆ ಅಪರಾಧ. 1993ರಲ್ಲಿ ಜಿಮ್ಮರ್‌ಮನ್ ಮೇಲೆ ತನಿಖೆ ಶುರುವಾಯಿತು. ಇನ್ನೊಂದೆಡೆ ಆರ್‌ಎಸ್‌ಎ ಪೇಟೆಂಟ್ ಇದ್ದವರೂ ತಿರುಗಿಬಿದ್ದರು. ಈ ಕಾಲದ ಒಂದು ವಿಚಿತ್ರ ನೋಡಿ. ಫಿಲ್ ಕಾರ್ನ್ ಎಂಬ ಎಂಜಿನಿಯರ್ ಗೂಢಲಿಪಿಯ ಪಠ್ಯಪುಸ್ತಕವೊಂದನ್ನು ವಿದೇಶಕ್ಕೆ ಕಳಿಸಬಹುದೇ ಎಂದು ಸರಕಾರವನ್ನು ಕೇಳಿದರು. ಕಳಿಸಬಹುದು ಎಂಬ ಉತ್ತರ ಬಂತು. ಅದೇ ಪುಸ್ತಕದಲ್ಲಿ ಅಚ್ಚಾದ ಪ್ರೋಗ್ರಾಮುಗಳನ್ನು ಫ್ಲಾಪಿಯಲ್ಲಿ ಹಾಕಿ ಕೇಳಿದರು. ಕಳಿಸುವ ಹಾಗಿಲ್ಲ! ಕಾಗದಕ್ಕೆ ವಾಕ್‌ಸ್ವಾತಂತ್ರ್ಯದ ರಕ್ಷೆ, ಫ್ಲಾಪಿಗೆ ಬಂದೂಕಿನ ಕಾನೂನು. ಪಿಜಿಪಿಯವರು ಈ ಸಂದಿಯಲ್ಲೇ ನುಗ್ಗಿದರು. 1995ರಲ್ಲಿ ಎಂಐಟಿ ಪ್ರೆಸ್ ಪಿಜಿಪಿಯ ಮೂಲ ಸಂಕೇತವನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿತು. 1997ರಲ್ಲಿ ಮುಂದಿನ ಆವೃತ್ತಿಯ ಸಾವಿರಾರು ಪುಟಗಳು ಸಂಪುಟ ಸಂಪುಟವಾಗಿ ಕಾನೂನುಬದ್ಧವಾಗಿಯೇ ಯುರೋಪಿಗೆ ಹೋದವು. ಅಲ್ಲಿ ಸ್ವಯಂಸೇವಕರು ಪುಟ ಪುಟ ಸ್ಕ್ಯಾನ್ ಮಾಡಿ, ತಪ್ಪು ತಿದ್ದಿ, ಮತ್ತೆ ತಂತ್ರಾಂಶ ಕಟ್ಟಿದರು. ಅಷ್ಟರಲ್ಲಿ, 1996ರ ಜನವರಿಯಲ್ಲೇ, ಸರಕಾರ ಯಾವ ಆರೋಪವನ್ನೂ ಹೊರಿಸದೆ ತನಿಖೆ ಕೈಬಿಟ್ಟಿತ್ತು. ಮೂರು ವರ್ಷ ಒಬ್ಬ ಮನುಷ್ಯನ ತಲೆಯ ಮೇಲೆ ಕತ್ತಿ ತೂಗಿಸಿಟ್ಟು, ಕೊನೆಗೆ ಒಂದು ಪತ್ರಿಕಾ ಹೇಳಿಕೆ!

ಕಾನೂನೂ ಸಡಿಲಾಯಿತು, ಪೇಟೆಂಟೂ 2000ದ ಸೆಪ್ಟೆಂಬರಿನಲ್ಲಿ ಮುಗಿಯಿತು. ಇನ್ನೇನು ಎಲ್ಲರೂ ಬಳಸುತ್ತಾರೆ ಎಂದುಕೊಳ್ಳಬೇಕು. ಅಷ್ಟರೊಳಗೇ ಒಂದು ಪ್ರಬಂಧ ಆ ಆಸೆಗೆ ತಣ್ಣೀರೆರಚಿತ್ತು. 1999ರಲ್ಲಿ ಆಲ್ಮಾ ವಿಟನ್ ಮತ್ತು ಡಗ್ ಟೈಗರ್ ಹನ್ನೆರಡು ಜನ ಸಾಮಾನ್ಯ ಬಳಕೆದಾರರನ್ನು ಕೂರಿಸಿ, ಅಂದಿನ ಚೆಂದದ ಪಿಜಿಪಿ 5.0 ಕೊಟ್ಟು, ಒಂದು ಗುಟ್ಟಿನ ಸಂದೇಶಕ್ಕೆ ಸಹಿ ಹಾಕಿ ಮುಚ್ಚಿ ಕಳಿಸಿ ಎಂದರು. ತೊಂಬತ್ತು ನಿಮಿಷ ಸಮಯ. ಸರಿಯಾಗಿ ಮಾಡಿದವರು ಮೂರರಲ್ಲಿ ಒಂದು ಭಾಗ. ಮೂವರು ಗುಟ್ಟನ್ನು ಮುಚ್ಚದೆಯೇ ಕಳಿಸಿಬಿಟ್ಟರು. ತಮ್ಮದೇ ಸಾರ್ವಜನಿಕ ಕೀಲಿಯಿಂದ ಮುಚ್ಚಿ ಇತರರಿಗೆ ಕಳಿಸಿದವರೂ ಇದ್ದರು, ಪಕ್ಕದ ಮನೆಯವರ ಪೆಟ್ಟಿಗೆಗೆ ನಮ್ಮ ಬೀಗ ಹಾಕಿ ಕೊಟ್ಟ ಹಾಗೆ. ಆ ಭಾನುವಾರ ಅಕ್ಕ ಮಾಡಿದ ಮೊದಲ ತಪ್ಪು ಅದೇ ಜಾತಿಯದು. ಕೀಲಿ ಕಳಿಸು ಎಂದೆ, ಗುಟ್ಟಿನ ಕೀಲಿಯನ್ನೇ ಕಳಿಸಿದಳು. "ಎರಡಕ್ಕೂ ಕೀಲಿ ಅಂತನ ಹೆಸರಿಟ್ಟಾರಲ್ಲೋ!" ಅಂದಳು. ತಪ್ಪು ಅವಳದಲ್ಲ. ಒಂದಕ್ಕೆ ಬೀಗ ಎಂದು ಹೆಸರಿಟ್ಟಿದ್ದರೆ ಇಪ್ಪತ್ತೈದು ವರ್ಷದ ಗೊಂದಲ ಅರ್ಧ ತಪ್ಪುತ್ತಿತ್ತೇನೋ. ಆ ಕೀಲಿಯನ್ನು ರದ್ದು ಮಾಡಿ ಹೊಸದು ಮಾಡಿಸಿದೆವು.

ಅಕ್ಕ ಕೇಳಿದ ಎರಡನೇ ಪ್ರಶ್ನೆಯೇ ಇಡೀ ಇತಿಹಾಸದ ಗಂಟು. "ಈ ಬೀಗ ನಿಂದಽ ಅಂತ ನನಗ ಹೆಂಗ ಗೊತ್ತಾಗಬೇಕು?" ಕಳ್ಳನೂ ನನ್ನ ಹೆಸರಿನಲ್ಲಿ ಒಂದು ಕೀಲಿ ಮಾಡಿಕೊಂಡು ಅವಳಿಗೆ ಕಳಿಸಬಹುದಲ್ಲ? ಇದಕ್ಕೆ ಎರಡು ಮತಗಳು ಹುಟ್ಟಿದವು. ಒಂದು, ಮೇಲಿನಿಂದ ಕೆಳಗೆ: ಪ್ರಾಧಿಕಾರವೊಂದು ಗುರುತು ನೋಡಿ ಪ್ರಮಾಣಪತ್ರ ಕೊಡುತ್ತದೆ. ಎಸ್/ಮೈಮ್ ಎಂಬ ಈಮೇಲ್ ಪದ್ಧತಿ ಈ ದಾರಿಯದು. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಇದೇ ದಾರಿ ಹಿಡಿಯಿತು. 2000ದ ಅಕ್ಟೋಬರ್ 17ರಿಂದ ಜಾರಿಗೆ ಬಂದ ಆ ಕಾಯ್ದೆ, ಪರವಾನಗಿ ಪಡೆದ ಪ್ರಾಧಿಕಾರಗಳು ಕೊಟ್ಟ ಪ್ರಮಾಣಪತ್ರದ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ನಿಮ್ಮ ಲೆಕ್ಕಪರಿಶೋಧಕರ ಮೇಜಿನ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿಟ್ಟ ಯುಎಸ್‌ಬಿ ಟೋಕನ್‌ಗಳು ಇವೇ. ಗಿರಾಕಿಗಳ ಟೋಕನ್ನು, ಪಾಸ್‌ವರ್ಡ್ ಚೀಟಿ ಎರಡೂ ಒಂದೇ ಡ್ರಾಯರಿನಲ್ಲಿರುವುದನ್ನೂ ನಾನು ಕಂಡಿದ್ದೇನೆ. ಬಿಡಿ, ಅದು ಬೇರೆ ಕಥೆ.

ಇನ್ನೊಂದು ಜಿಮ್ಮರ್‌ಮನ್ ಅವರ ದಾರಿ, ನಂಬಿಕೆಯ ಬಲೆ. ಹೆಣ್ಣು ಗಂಡು ನೋಡುವಾಗ ನಮ್ಮ ಹಿರಿಯರು ಮಾಡುತ್ತಿದ್ದ ವಿಚಾರಣೆಯಂಥದು. ಆ ಮನೆಯವರು ನಮಗೆ ಗೊತ್ತಿಲ್ಲ, ಆದರೆ ಗೊತ್ತಿದ್ದವರು ನಮಗೆ ಗೊತ್ತು, ಅವರು ಹೌದೆಂದರೆ ಹೌದು. ಒಬ್ಬರ ಕೀಲಿಗೆ ಇನ್ನೊಬ್ಬರು ಸಹಿ ಹಾಕುತ್ತ ಹೋದರೆ ಬಲೆ ಹರಡುತ್ತದೆ. ಗುರುತಿನ ಚೀಟಿ ತೋರಿಸಿ ಪರಸ್ಪರ ಕೀಲಿಗೆ ಸಹಿ ಹಾಕುವ ಕೂಟಗಳೂ ನಡೆಯುತ್ತಿದ್ದವು. ಆದರೆ ಬಲೆ ತಂತ್ರಜ್ಞರ ಓಣಿ ದಾಟಲಿಲ್ಲ. 2019ರ ಜೂನಿನಲ್ಲಿ ಯಾರೋ ಇಬ್ಬರು ಹಿರಿಯ ಅಭಿವೃದ್ಧಿಗಾರರ ಕೀಲಿಗಳಿಗೆ ಸಾವಿರಾರು ಪೊಳ್ಳು ಸಹಿ ಹೇರಿ, ಅವನ್ನು ತರಿಸಿಕೊಂಡವರ ತಂತ್ರಾಂಶವೇ ಉಸಿರುಗಟ್ಟುವಂತೆ ಮಾಡಿದರು. ಯಾರು ಬೇಕಾದರೂ ಬರೆಯಬಹುದಾದ, ಯಾರೂ ಅಳಿಸಲಾಗದ ಹಳೆಯ ಕೀಲಿ ಸರ್ವರುಗಳ ಕಾಲ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು.

ಇಷ್ಟರ ನಡುವೆ ಈ ತಂತ್ರಾಂಶವನ್ನು ಹೊತ್ತವರು ಯಾರು? ಪಿಜಿಪಿ ಕಂಪನಿಯಾಗಿ, ಕೈಯಿಂದ ಕೈಗೆ ಮಾರಾಟವಾಗುತ್ತ ಹೋಯಿತು. ಅದರ ಪದ್ಧತಿ 1998ರಲ್ಲಿ ಓಪನ್‌ಪಿಜಿಪಿ ಎಂಬ ಮುಕ್ತ ಮಾನಕವಾಯಿತು. ಆ ಮಾನಕದ ಉಚಿತ ರೂಪ ಗ್ನುಪಿಜಿಯನ್ನು 1997ರ ಕೊನೆಯಲ್ಲಿ ಶುರುಮಾಡಿದವರು ಜರ್ಮನಿಯ ವರ್ನರ್ ಕೋಕ್. 2013ರಲ್ಲಿ ಎಡ್ವರ್ಡ್ ಸ್ನೋಡನ್ ಪತ್ರಕರ್ತೆ ಲಾರಾ ಪೋಯ್ಟ್ರಸ್ ಅವರನ್ನು ಸಂಪರ್ಕಿಸಿದ್ದು ಇಂಥ ಮುಚ್ಚಿದ ಮೇಲಿನಲ್ಲೇ. ಅದಕ್ಕೂ ಮೊದಲು ಅವರು ಗ್ಲೆನ್ ಗ್ರೀನ್‌ವಾಲ್ಡ್ ಅವರಿಗೆ ಪಿಜಿಪಿ ಹಾಕಿಕೊಳ್ಳಿ ಎಂದು ಬೇಡಿ, ಹೇಗೆಂದು ವಿಡಿಯೋ ಕೂಡ ಮಾಡಿ ಕಳಿಸಿದ್ದರು. ಗ್ರೀನ್‌ವಾಲ್ಡ್ ತಿಂಗಳುಗಟ್ಟಲೆ ಹಾಕಿಕೊಳ್ಳಲೇ ಇಲ್ಲ. ಶತಮಾನದ ಸುದ್ದಿಯೊಂದು ಸೆಟ್ಟಿಂಗ್ಸ್ ಕಿಟಕಿಯ ಬೇಸರಕ್ಕೆ ಕೈತಪ್ಪುವುದರಲ್ಲಿತ್ತು! ಇತ್ತ ಕೋಕ್ ಬಳಿ ಮುಂದುವರಿಸಲು ಹಣವಿರಲಿಲ್ಲ. 2015ರ ಫೆಬ್ರವರಿಯಲ್ಲಿ ಪ್ರೊಪಬ್ಲಿಕಾ ಪತ್ರಿಕೆ ಈ ಸ್ಥಿತಿಯನ್ನು ಬರೆದ ಮೇಲೆ ದೇಣಿಗೆ ಹರಿದುಬಂತು. ಜಗತ್ತಿನ ಗುಟ್ಟು ಕಾಯುವ ಕೆಲಸ ಅಲ್ಲಿಯವರೆಗೆ ಹೆಚ್ಚುಕಡಿಮೆ ಒಬ್ಬ ಮನುಷ್ಯನ ಮನೆಯಲ್ಲಿ ನಡೆದಿತ್ತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಮ್ಮ ಕೇಂದ್ರ ಸರಕಾರ ಗೂಢಲಿಪಿ ನೀತಿಯ ಕರಡು ಹೊರತಂದದ್ದು ಕೆಲವರಿಗಾದರೂ ನೆನಪಿರಬಹುದು. ಮುಚ್ಚಿ ಕಳಿಸಿದ ಸಂದೇಶದ ಬಿಡಿಸಿದ ಪ್ರತಿಯನ್ನು ನಾಗರಿಕರು 90 ದಿನ ಇಟ್ಟುಕೊಳ್ಳಬೇಕು ಎಂದಿತ್ತು. ಗದ್ದಲವೆದ್ದು ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. ಕೊಲರಾಡೊದ ಮನುಷ್ಯನನ್ನು ನಿದ್ದೆಗೆಡಿಸಿದ ವಾಕ್ಯ ಇಪ್ಪತ್ತನಾಲ್ಕು ವರ್ಷದ ಮೇಲೆ ದೆಹಲಿಯಲ್ಲಿ ಬೇರೆ ವೇಷದಲ್ಲಿ ಬಂದಿತ್ತು.

ಥಂಡರ್‌ಬರ್ಡ್ ಬಳಸುವವರು ಬಹುಕಾಲ ಗ್ನುಪಿಜಿ ಬೇರೆ, ಎನಿಗ್‌ಮೇಲ್ ಎಂಬ ಜೋಡಣೆ ಬೇರೆ ಹಾಕಿಕೊಳ್ಳಬೇಕಿತ್ತು. 2018ರ ಮೇ ತಿಂಗಳಲ್ಲಿ ಜರ್ಮನಿಯ ಸಂಶೋಧಕರು ಇಫೇಲ್ ಎಂಬ ದೋಷ ಬಯಲು ಮಾಡಿದರು. ಮುಚ್ಚಿದ ಮೇಲನ್ನು ಚಿತ್ರಗಳಿರುವ ಜಾಲಪುಟದಂತೆ ತೋರಿಸುವ ತಂತ್ರಾಂಶಗಳಿಂದ ಬಿಡಿಸಿದ ಪಠ್ಯ ಹೊರಗೆ ಸೋರಬಹುದಿತ್ತು. ಬೀಗ ಗಟ್ಟಿ, ಕಿಟಕಿ ತೆರೆದಿತ್ತು. 2020ರ 78ನೇ ಆವೃತ್ತಿಯಲ್ಲಿ ಥಂಡರ್‌ಬರ್ಡ್ ಈ ಸೌಲಭ್ಯವನ್ನು ತನ್ನೊಳಗೇ ತಂದುಕೊಂಡಿತು. ಈಗ ಖಾತೆಯ ಸೆಟ್ಟಿಂಗ್ಸಿನಲ್ಲಿ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಎಂಬಲ್ಲಿ ಹೋಗಿ ಕೀಲಿ ಸೇರಿಸು ಎಂದು ಒತ್ತಿದರೆ ನಿಮಿಷದಲ್ಲಿ ಆಗುತ್ತದೆ. ಎರಡು ಮಾತು ಮಾತ್ರ ಅದು ಗಟ್ಟಿಯಾಗಿ ಹೇಳುವುದಿಲ್ಲ. ಪ್ರೈಮರಿ ಪಾಸ್‌ವರ್ಡ್ ಇಡದಿದ್ದರೆ ನಿಮ್ಮ ಕಂಪ್ಯೂಟರ್ ಮುಟ್ಟಿದವನಿಗೆ ಗುಟ್ಟಿನ ಕೀಲಿಯೂ ಸಿಕ್ಕಂತೆ. ಆ ಕೀಲಿಯ ಪ್ರತಿಯನ್ನು ಬೇರೆಡೆ ಇಡದಿದ್ದರೆ, ಕಂಪ್ಯೂಟರ್ ಕೆಟ್ಟ ದಿನ ಹಳೆಯ ಮುಚ್ಚಿದ ಪತ್ರಗಳೆಲ್ಲ ನಿಮಗೂ ಮುಚ್ಚಿದಂತೆಯೇ. ಯಾರು ಯಾರಿಗೆ ಬರೆದರು ಎಂಬುದನ್ನಂತೂ ಇದು ಮುಚ್ಚುವುದೇ ಇಲ್ಲ.

ಅಕ್ಕನ ಪ್ರಶ್ನೆಗೆ ತಂತ್ರಾಂಶದ ಬಳಿ ಉತ್ತರವಿಲ್ಲ. ಅದೇ ತಿರುಗಿ ಕೇಳುತ್ತದೆ: ಈ ಕೀಲಿಯ ಬೆರಳಚ್ಚನ್ನು ನೀವೇ ಖಚಿತಪಡಿಸಿಕೊಂಡಿರಾ? ಬೆರಳಚ್ಚು ಎಂದರೆ ಕೀಲಿಯ ಚಿಕ್ಕ ಗುರುತು, ನಲವತ್ತು ಚಿಹ್ನೆ, ಸೊನ್ನೆಯಿಂದ ಒಂಬತ್ತು, ಎ ಇಂದ ಎಫ್. ನಾವು ಫೋನಿನಲ್ಲಿ ಓದಿದೆವು. ನಾನು ನಾಲ್ಕು ಹೇಳುವುದು, ಅವಳು ತನ್ನ ಪರದೆ ನೋಡಿ "ಹೂಂ" ಅನ್ನುವುದು. ಚಿಕ್ಕವರಿದ್ದಾಗ ಕೂಡಿಸಿ ಮಗ್ಗಿ ಒಪ್ಪಿಸುತ್ತಿದ್ದ ಹಾಗೆ. ಹತ್ತು ಗುಂಪು ಮುಗಿದವು, ಆಮೇಲೆ ಅವಳದು ಹತ್ತು. ಡಿಫಿಯಿಂದ ಕೋಕ್‌ವರೆಗೆ ಎಲ್ಲರ ಕೆಲಸವೂ ಕೊನೆಗೆ ಬಂದು ನಿಂತದ್ದು ಅವಳ ಕಿವಿ ನನ್ನ ದನಿಯನ್ನು ಗುರುತಿಸುವುದರ ಮೇಲೆ. ದನಿಯನ್ನೂ ನಕಲು ಮಾಡುವ ಕಾಲ ಇದು, ಗೊತ್ತು. ಅದಕ್ಕೇ ಮುಂದಿನ ಸಲ ಧಾರವಾಡದಲ್ಲಿ ಸೇರಿದಾಗ ಎದುರಾ ಎದುರು ಇನ್ನೊಮ್ಮೆ ಓದಿದೆವು.

ಸಹಿಯಿಂದ ಅಂದಿನ ಮೋಸ ತಪ್ಪುತ್ತಿತ್ತೇ? ಸಹಿ ಇರುವುದು ರೂಢಿಯಾದಾಗ ಮಾತ್ರ, ಇಲ್ಲದಿರುವುದು ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಈಗ ನಾವಿಬ್ಬರೂ ಪ್ರತಿ ಮೇಲಿಗೂ ಸಹಿ ಹಾಕುತ್ತೇವೆ, ಉಪ್ಪಿನಕಾಯಿ ತಲುಪಿತು ಎಂಬ ಒಂದು ಸಾಲಿಗೂ.

ಆ ಉತ್ಸಾಹದಲ್ಲಿ ಹುಬ್ಬಳ್ಳಿಯ ವಕೀಲರಿಗೂ ನನ್ನ ಸಾರ್ವಜನಿಕ ಕೀಲಿ ಕಳಿಸಿ, ಎರಡು ಪುಟ ವಿವರಣೆ ಬರೆದು, ನಿಮ್ಮದೂ ಒಂದು ಮಾಡಿಕೊಳ್ಳಿ ಸರ್ ಎಂದೆ. ಮರುದಿನ ಉತ್ತರ ಬಂತು: "ಫೈಲ್ ಓಪನ್ ಆಗ್ತಾ ಇಲ್ಲ. ವಾಟ್ಸಾಪ್ ಮಾಡ್ರಿ." ನಕ್ಕೆ. ಆದರೆ ಅವರ ಮಾತಿನಲ್ಲೂ ಇತಿಹಾಸವಿದೆ. 2016ರ ಏಪ್ರಿಲಿನಲ್ಲಿ ವಾಟ್ಸಾಪ್ ಒಂದೇ ಏಟಿಗೆ ನೂರು ಕೋಟಿ ಜನರ ಮಾತನ್ನು ಮುಚ್ಚಿದ ಲಕೋಟೆಗೆ ಹಾಕಿತು, ಯಾರನ್ನೂ ಏನೂ ಕೇಳದೆ. ಬೀಗ, ಕೀಲಿ, ಬೆರಳಚ್ಚು ಎಲ್ಲ ಅಲ್ಲೂ ಇವೆ, ಒಳಗೆಲ್ಲೋ. ಆದರೆ ಆ ಓಣಿ ಪೂರ್ತಿ ಒಂದೇ ಕಂಪನಿಯದು. ಈಮೇಲಿಗೆ ಒಡೆಯರಿಲ್ಲ, ಹಾಗಾಗಿ ಅಲ್ಲಿ ಎಲ್ಲರ ಪರವಾಗಿ ಬೀಗ ಜಡಿಯುವವರೂ ಇಲ್ಲ. ವಕೀಲರಿಗೆ ಕ್ರಯಪತ್ರದ ಕರಡನ್ನು ವಾಟ್ಸಾಪಿನಲ್ಲೇ ಕಳಿಸಿದೆ. ಅಕ್ಕನಿಗೆ ಅದರ ಪ್ರತಿ ಹೋದದ್ದು ಥಂಡರ್‌ಬರ್ಡಿನಿಂದ, ಸಹಿಯೊಂದಿಗೆ, ಕನ್ನಡದಲ್ಲಿ.